ಮೂರು ಸಂಪುಟಕ್ಕೆ ಮುಂಗಡ ಕಟ್ಟುವ ಮೊದಲು

ಮುಂಗಡ ಹಣ ಕಟ್ಟಿ ತರಿಸಿಕೊಂಡ ಮೂರು ಸಂಪುಟಗಳ ಫ್ಯಾಂಟಸಿ ಕಾದಂಬರಿಯೊಂದರ ಓದನ್ನು ಎರಡನೆಯ ಸಂಪುಟದ ನಡುವಿನಲ್ಲಿ ನಿಲ್ಲಿಸಿದ್ದೇನೆ. ಪುಸ್ತಕದ ಹೆಸರನ್ನಾಗಲಿ ಪ್ರಕಾಶಕರ ಹೆಸರನ್ನಾಗಲಿ ಇಲ್ಲಿ ಹೇಳುವುದಿಲ್ಲ. ಇದೇ ಲಕ್ಷಣಗಳ ಪುಸ್ತಕ ಎದುರಾದಾಗ ಉಳಿದವರ ಹಣ ಪೋಲಾಗದಿರಲಿ ಎಂದಷ್ಟೇ ಬರೆಯುತ್ತಿದ್ದೇನೆ.

ಮುದ್ರಣಕ್ಕೆ ಹೆಸರಿಡುವಂತಿಲ್ಲ. ಗಟ್ಟಿ ರಟ್ಟು, ಮಡಿಕೆ ಬಿಚ್ಚಿ ನೋಡುವ ಬಣ್ಣದ ನಕಾಶೆ, ಕೊನೆಯಲ್ಲಿ ಅರಸರ ವಂಶಾವಳಿ, ಎಲ್ಲವೂ ಇವೆ. ಕಥೆ ನಡೆಯುವುದು ಮರಳುಗಾಡಿನ ನಡುವಿನ ಕೋಟೆಯೊಂದರಲ್ಲಿ. ಅದಕ್ಕೆ ವಿಜಯನಗರವೇ ಸ್ಫೂರ್ತಿ ಎಂದು ಲೇಖಕರು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಕೋಟೆಯ ಲಾಯಗಳಲ್ಲಿ ಐವತ್ತು ಸಾವಿರ ಕುದುರೆಗಳಿವೆ. ಊರಿಗೆಲ್ಲ ಇರುವುದು ಒಂದೇ ಬಾವಿ, ಅದರಿಂದ ರಾಣಿಯ ದಾಸಿಯರು ಬೆಳ್ಳಿಯ ಕೊಡಗಳಲ್ಲಿ ನೀರು ಸೇದುವ ವರ್ಣನೆಯೇ ಎರಡು ಪುಟ ಸಾಗುತ್ತದೆ. ಕುದುರೆಯೊಂದಕ್ಕೆ ದಿನಕ್ಕೆ ಸುಮಾರು 30 ಲೀಟರ್ ನೀರೆಂದು ಹಿಡಿದರೂ ಲಾಯಕ್ಕೇ 15 ಲಕ್ಷ ಲೀಟರ್ ಬೇಕು. ಹುಲ್ಲು ಹುಟ್ಟದ ಆ ನೆಲದಲ್ಲಿ ಮೇವು ಎಲ್ಲಿಂದ ಬಂತೆಂದು ಕಥೆಯಲ್ಲಿ ಯಾರೂ ಕೇಳುವುದಿಲ್ಲ.

ನಿಜವಾದ ವಿಜಯನಗರದಲ್ಲಿ ಇದಕ್ಕೆಲ್ಲ ಉತ್ತರವಿತ್ತು. ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಿದ್ದಳು, ಗದ್ದೆಗಳಿಗೆ ‘ತುರ್ತು’ ಎಂಬ ಹೆಸರಿನ ಕಾಲುವೆಯಿತ್ತು, ಅರಮನೆಯ ಆವರಣದ ಪುಷ್ಕರಣಿಗೆ ಕಲ್ಲಿನ ಮೇಲ್ಗಾಲುವೆಯಲ್ಲಿ ನೀರು ಬರುತ್ತಿತ್ತು; ಯುದ್ಧದ ಕುದುರೆಗಳು ಅರೇಬಿಯಾ, ಪರ್ಷಿಯಾಗಳಿಂದ ಹಡಗೇರಿ ಗೋವಾ, ಭಟ್ಕಳಗಳಂಥ ರೇವುಗಳಲ್ಲಿ ಇಳಿಯುತ್ತಿದ್ದುದರಿಂದ ಆ ವ್ಯಾಪಾರದ ಮೇಲಿನ ಹಿಡಿತಕ್ಕಾಗಿಯೇ ರಾಜಕೀಯ ನಡೆಯುತ್ತಿತ್ತು. ಒಂದು ಕಾದಂಬರಿಗೆ ಬೇಕಾದ ಸಂಘರ್ಷವೆಲ್ಲ ಅಲ್ಲೇ ಬಿದ್ದಿರುವಾಗ ನಮ್ಮ ಲೇಖಕರು ಗೋಪುರಗಳನ್ನು ಮಾತ್ರ ಎತ್ತಿಕೊಂಡಿದ್ದಾರೆ.

ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು, ಮಂತ್ರದ ವಿಷಯದಲ್ಲಿ ಆದುದನ್ನು ಸಹಿಸಲಾಗಲಿಲ್ಲ. ಮಂತ್ರ ಪ್ರಯೋಗಿಸಿದವರ ಆಯುಷ್ಯದಲ್ಲಿ ಒಂದು ವರ್ಷ ಕಳೆಯುತ್ತದೆ ಎಂಬುದು ಆ ಲೋಕದ ನಿಯಮ. ಮೊದಲ ಸಂಪುಟದಲ್ಲಿ ಮುದಿ ಗುರು ಚಳಿಗೆ ನಡುಗುವ ಮಗುವಿಗಾಗಿ ಮಂತ್ರದಿಂದ ಬೆಂಕಿ ಹೊತ್ತಿಸಿ, ಅದು ಉರಿಯುತ್ತಿರುವಾಗಲೇ ಪ್ರಾಣ ಬಿಡುತ್ತಾನೆ. ನಿಜಕ್ಕೂ ಚೆನ್ನಾಗಿ ಬರೆದ ಪ್ರಸಂಗವದು. ಎರಡನೆಯ ಸಂಪುಟದಲ್ಲಿ ನಾಯಕ ರಾತ್ರಿಯಿಡೀ ನೂರಾರು ಮಂತ್ರಗಳನ್ನು ಪ್ರಯೋಗಿಸಿ, ಬೆಳಿಗ್ಗೆ ಏನೂ ಆಗದವನಂತೆ ಎದ್ದು ಸ್ನಾನಕ್ಕೆ ಹೋಗುತ್ತಾನೆ. ಕಾರಣ ಕೊಟ್ಟಿಲ್ಲ. ಹಾರುವ ಕುದುರೆಯನ್ನಾದರೂ ನಂಬಲು ನಾನು ಸಿದ್ಧ, ಆದರೆ ತಾನೇ ಹಾಕಿದ ನಿಯಮವನ್ನು ಕಾದಂಬರಿಕಾರ ಮರೆತರೆ ಆ ಗುರು ಸತ್ತದ್ದಾದರೂ ಏತಕ್ಕೆ?

ಇದನ್ನು ಓದುಗ ಮಿತ್ರರ ಬಳಿ ಹೇಳಿದಾಗ, ಕನ್ನಡದಲ್ಲಿ ಇಂಥ ಪ್ರಯತ್ನಗಳೇ ಅಪರೂಪ, ಬೆನ್ನು ತಟ್ಟಬೇಕಲ್ಲದೆ ನೀರಿನ ಲೆಕ್ಕ ಕೇಳಬಾರದು ಎಂಬ ಉತ್ತರ ಬಂತು. ಪುಸ್ತಕವನ್ನು ಬಹಳ ಹೊಗಳಿ ಬರೆದಿದ್ದ ಒಬ್ಬರು ಮಾತ್ರ ಆಮೇಲೆ ಪ್ರತ್ಯೇಕವಾಗಿ, ಲೇಖಕರು ಪರಿಚಿತರು, ತಾವು ಓದಿದ್ದು ಮೊದಲ ಸಂಪುಟವನ್ನಷ್ಟೇ ಎಂದರು. ಅವರ ಹೊಗಳಿಕೆಯನ್ನು ನಂಬಿ ಹಣ ಕಟ್ಟಿದವರು ಎಷ್ಟು ಮಂದಿಯೋ!

ಹೊದಿಕೆ ಹರಿದಿದೆ ಎಂಬ ಕಾರಣಕ್ಕೆ ಮಾರಾಟಗಾರರು ಪುಸ್ತಕ ಹಿಂದಕ್ಕೆ ಪಡೆಯಲಿಲ್ಲ. ಆದ್ದರಿಂದ ಮೊದಲ ಸಂಪುಟ ಬಿಡಿಯಾಗಿ ಸಿಗುವುದೇ ಎಂದು ಕೇಳಿ. ಮಾದರಿ ಪುಟಗಳನ್ನು ಕೊಡುವುದಾದರೆ ಆರಂಭದ ಅಧ್ಯಾಯದ ಬದಲು ನಡುವಿನದೊಂದನ್ನು ಬೇಡಿ. ಬಂದಿರುವ ವಿಮರ್ಶೆಗಳಲ್ಲಿ ಎರಡನೆಯ ಸಂಪುಟದ ಒಂದಾದರೂ ಘಟನೆಯ ಪ್ರಸ್ತಾಪವಿದೆಯೇ ಎಂಬುದನ್ನೂ ನೋಡಿಕೊಳ್ಳಿ.