"ಒಳಗೋಡೆ ತಾನೇ, ಒಡೆದುಬಿಡೋಣ" ಅನ್ನುವ ಕಾಂಟ್ರ್ಯಾಕ್ಟರ್ ಸಿಕ್ಕರೆ ಹುಷಾರು

ಹಳೆ ಬಂಗಲೆಯ ರಿಪೇರಿಗೆ ಕೈ ಹಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಎರಡು ಸಣ್ಣ ಕೋಣೆ ಸೇರಿಸಿ ದೊಡ್ಡ ಹಾಲ್ ಮಾಡುವ ಆಸೆ ಯಾರಿಗಿರಲ್ಲ? ನಮಗೂ ಇತ್ತು. ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ನಡುವಿನ ಗೋಡೆ ಏನನ್ನು ಹೊತ್ತಿದೆ ಅಂತ ಬರೆದು ಸಹಿ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ಸಿಗುವ ತನಕ ಯಾರಿಗೂ ಸುತ್ತಿಗೆ ಎತ್ತಲು ಬಿಡಬೇಡಿ.

ನಮ್ಮ ಕಾಂಟ್ರ್ಯಾಕ್ಟರ್ ಗೋಡೆಯನ್ನು ಒಮ್ಮೆ ತಟ್ಟಿ ನೋಡಿ, "ಒಳಗೋಡೆ ಸರ್, ಬರೀ ಪಾರ್ಟಿಷನ್" ಅಂದರು. ಎಂಜಿನಿಯರ್ ನೋಡಿದ್ದಾರಾ ಅಂತ ಕೇಳಿದೆವು. ನೋಡಿದ್ದಾರೆ, ಡ್ರಾಯಿಂಗ್ ಕೂಡ ಆಗಿದೆ ಅಂದರು. ಆ ಡ್ರಾಯಿಂಗ್ ಕೈಗೆ ಸಿಕ್ಕಿದ್ದು ಗೋಡೆ ನೆಲಕ್ಕೆ ಬಿದ್ದ ಮೇಲೆ. ಸೋಫಾ ಎಲ್ಲಿ, ಟಿವಿ ಎಲ್ಲಿ ಅಂತ ತೋರಿಸುವ ಬಣ್ಣದ ಚಿತ್ರ ಅದು. ತೊಲೆ, ಬೀಮ್, ಪಾಯ ಒಂದೂ ಅದರಲ್ಲಿ ಇರಲಿಲ್ಲ. ಎಂಜಿನಿಯರ್ ಅನ್ನುವವರು ಮನೆಗೆ ಕಾಲಿಟ್ಟೇ ಇರಲಿಲ್ಲ.

ಅದು ಪಾರ್ಟಿಷನ್ ಆಗಿರಲಿಲ್ಲ. ನಮ್ಮದು ಹೆಂಚಿನ ಮಾಡು. ನೆತ್ತಿಯ ತೊಲೆಗೆ ಆಸರೆಯಾಗಿ ಕೊಟ್ಟಿದ್ದ ಮರದ ಕಂಬವೊಂದು ಮಾಡಿನೊಳಗೇ ಇಳಿದು ಸೀದಾ ಆ ಗೋಡೆಯ ಮೇಲೆ ನಿಂತಿತ್ತು. ಹಲಗೆಯ ಸೀಲಿಂಗ್ ಅಡ್ಡ ಇದ್ದುದರಿಂದ ಕೆಳಗಿನಿಂದ ಕಾಣುತ್ತಿರಲಿಲ್ಲ, ಅಷ್ಟೆ. ಎರಡು ಹಲಗೆ ಬಿಚ್ಚಿ ಟಾರ್ಚ್ ಹಿಡಿದಿದ್ದರೆ ಗೊತ್ತಾಗುತ್ತಿತ್ತು. ತಟ್ಟಿದರೆ ಕೇಳುವ ಸದ್ದಿನಿಂದ ಗೋಡೆ ಭಾರ ಹೊತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ದಪ್ಪ ನೋಡಿಯೂ ಪೂರ್ತಿ ತಿಳಿಯುವುದಿಲ್ಲ. ಹಳೆ ಮನೆಗಳಲ್ಲಿ ನಾಲ್ಕೂವರೆ ಇಂಚಿನ ಗೋಡೆಯ ಮೇಲೂ ಜಂತಿ (ಸೀಲಿಂಗ್ ಹೊರುವ ಅಡ್ಡ ಮರ) ಕೂತಿರುವುದುಂಟು.

ಒಡೆದ ದಿನ ಏನೂ ಆಗಲಿಲ್ಲ. ಮೋಸ ಇರುವುದೇ ಅಲ್ಲಿ. ಮರದ ಮಾಡು ಎಷ್ಟೋ ಸಲ ತಕ್ಷಣ ಬೀಳುವುದಿಲ್ಲ. ಕಂಬದ ಭಾರ ಸೀಲಿಂಗ್‌ನ ಜಂತಿಗಳ ಮೇಲೆ ಬಂದು, ಅವು ನಿಧಾನವಾಗಿ ಬಾಗತೊಡಗಿದವು. ನೆತ್ತಿ ಸ್ವಲ್ಪ ಇಳಿಯಿತು. ನೆತ್ತಿ ಇಳಿದರೆ ಎರಡೂ ಕಡೆಯ ಪಕಾಸಿಗಳ (ಹೆಂಚು ಹೊರುವ ಇಳಿಜಾರು ಮರಗಳ) ಕಾಲು ಹೊರಕ್ಕೆ ಜಾರಲು ನೋಡುತ್ತದೆ, ಹೊರಗೋಡೆಯ ತಲೆಯನ್ನೂ ತನ್ನ ಜೊತೆ ದೂಡುತ್ತದೆ. ಹಾಗಾಗಿ ಮೊದಲ ಬಿರುಕು ಕಂಡಿದ್ದು ಗೋಡೆ ಒಡೆದ ಜಾಗದಲ್ಲಲ್ಲ. ದೂರದ ಹೊರಗೋಡೆಯಲ್ಲಿ, ಸೂರಿನ ಕೆಳಗೆ ಉದ್ದಕ್ಕೆ. ಆಮೇಲೆ ಕಿಟಕಿಯ ಮೂಲೆಯಿಂದ ಇಟ್ಟಿಗೆ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇನ್ನೊಂದು. ಬಾಗಿಲುಗಳು ಚೌಕಟ್ಟಿಗೆ ಹಿಡಿದುಕೊಳ್ಳತೊಡಗಿದವು. ಮಳೆ ಬಂದಾಗ ಹೆಂಚಿನ ಸಂದಿಯಿಂದ ನೀರು.

"ಹೊಸ ಪ್ಲಾಸ್ಟರ್ ಒಣಗ್ತಿದೆ ಸರ್, ಕಾಮನ್" ಅಂತ ಕಾಂಟ್ರ್ಯಾಕ್ಟರ್ ಪುಟ್ಟಿ ತುಂಬಿಸಿ ಪೇಂಟ್ ಹೊಡೆಸಿದರು. ಬಿರುಕು ಅದೇ ಜಾಗದಲ್ಲಿ ಮತ್ತೆ ಬಾಯಿಬಿಟ್ಟಿತು. ಪ್ಲಾಸ್ಟರ್ ಒಣಗುವಾಗ ಬರುವುದು ಕೂದಲೆಳೆಯಂಥ ಗೀರುಗಳು, ಜೇಡರ ಬಲೆಯ ಹಾಗೆ ಹರಡಿರುತ್ತವೆ. ಓರೆಯಾಗಿ ಓಡುವ, ಒಂದು ತುದಿಯಲ್ಲಿ ಅಗಲವಾಗುವ ಬಿರುಕು ಬೇರೆ ಜಾತಿಯದು. ಅದರ ಎರಡೂ ತುದಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಇಲ್ಲವೇ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಅಂತ.

ಕೊನೆಗೆ ನಾವೇ ಬೇರೆ ಎಂಜಿನಿಯರ್ ಕರೆಸಿದೆವು. ಅವರು ಬಂದು ಮೊದಲು ಮಾಡಿದ್ದು ಸೀಲಿಂಗ್ ಬಿಚ್ಚಿಸಿದ್ದು. ಎರಡನೆಯದು, ಎಲ್ಲರನ್ನೂ ಆ ಹಾಲ್‌ನಿಂದ ಹೊರಗೆ ಕಳಿಸಿದ್ದು. ಆಮೇಲೆ ಸ್ಟೀಲ್ ಪ್ರಾಪ್‌ಗಳು (ತಾತ್ಕಾಲಿಕ ಆಸರೆ ಕಂಬಗಳು) ಬಂದವು, ನೆಲದ ಮೇಲೆ ದಪ್ಪ ಹಲಗೆ ಹಾಸಿ ಅದರ ಮೇಲೆ ನಿಲ್ಲಿಸಿದರು. ನೆಲದ ಕೆಳಗೆ ಬರೀ ತುಂಬಿದ ಮಣ್ಣು ಇದ್ದರೆ ಪ್ರಾಪ್ ಒಳಗೆ ಇಳಿದುಬಿಡುತ್ತದಂತೆ. ಜಾಕ್ ಕೊಟ್ಟು ತೊಲೆಯನ್ನು ಸ್ವಲ್ಪ ಸ್ವಲ್ಪವೇ ಎತ್ತಿದರು. ಕಂಬದ ಕೆಳಗೆ ಸ್ಟೀಲ್ ಬೀಮ್ ಬಂತು, ಅದರ ಎರಡೂ ತುದಿಯ ಕೆಳಗೆ ಬೆಡ್ ಬ್ಲಾಕ್, ಅಂದರೆ ಭಾರ ಹರಡುವ ಕಾಂಕ್ರೀಟ್ ದಿಮ್ಮಿ. ಹಳೆ ಸುಣ್ಣದ ಗಾರೆಯ ಇಟ್ಟಿಗೆ ಗೋಡೆ ಮೆತ್ತಗಿರುತ್ತದೆ, ಬೀಮ್‌ನ ಭಾರ ಒಂದೇ ಕಡೆ ಒತ್ತಿದರೆ ಅಲ್ಲೇ ಪುಡಿಯಾಗುತ್ತದೆ. ಮೊದಲು ಗೋಡೆಯುದ್ದಕ್ಕೂ ಹರಡಿದ್ದ ಭಾರ ಈಗ ಎರಡೇ ಜಾಗದಲ್ಲಿ ಇಳಿಯುತ್ತದಲ್ಲ, ಅದಕ್ಕೆ ಆ ಎರಡು ಕಡೆ ಅಗೆದು ಪಾಯವನ್ನೂ ನೋಡಿದರು. ಇದೆಲ್ಲ ಸುತ್ತಿಗೆ ಬೀಳುವ ಮೊದಲು ಆಗಬೇಕಿದ್ದ ಕೆಲಸ. ತಿರುಗಿ ಮಾಡಿಸಿದ್ದಕ್ಕೆ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಮಾಡಿದ್ದ ಪೇಂಟ್, ಸೀಲಿಂಗ್, ವೈರಿಂಗ್ ಎಲ್ಲ ದಂಡ.

ಸೀಲಿಂಗ್ ತೆಗೆದು ಹೆಂಚು ಕಾಣುವ ಹಾಗೆ ಮಾಡಿಸುವ ಫ್ಯಾಷನ್ ಈಗ ಇದೆ. ನೋಡಲು ಚೆನ್ನ, ಒಪ್ಪುತ್ತೇನೆ. ಆದರೆ ಆ ಭರದಲ್ಲಿ ಪಕಾಸಿಗಳನ್ನು ಕಟ್ಟಿ ಹಿಡಿದಿರುವ ಅಡ್ಡ ಮರಗಳನ್ನು ಕತ್ತರಿಸಿದರೆ ಗೋಡೆ ಮುಟ್ಟದೆಯೇ ನಮ್ಮ ಕಥೆ ನಿಮ್ಮ ಮನೆಯಲ್ಲೂ ಶುರು.

ಅದೇ ಎಂಜಿನಿಯರ್ ಇನ್ನೂ ಕೆಲವು ಕಿತಾಪತಿ ಪತ್ತೆ ಮಾಡಿದರು. ವೈರಿಂಗ್‌ಗೆ ಗೋಡೆಯನ್ನು ಅಡ್ಡಡ್ಡ, ಆಳವಾಗಿ ಕೊರೆದಿದ್ದರು. ಮೇಲಿಂದ ಕೆಳಕ್ಕೆ ಕೊರೆಯುವುದಾದರೆ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡಕ್ಕಾದರೆ ಆರನೇ ಒಂದು ಭಾಗ, ಅದಕ್ಕಿಂತ ಆಳ ಹೋಗಬಾರದು ಅಂತ ಸಾಮಾನ್ಯ ಲೆಕ್ಕ. ಮನೆಯ ಹಿಂಬದಿಯಲ್ಲಿರುವ ತಾರಸಿಯ ನಟ್ಟನಡುವೆ 1000 ಲೀಟರ್ ಟ್ಯಾಂಕ್ ಇಡುವ ಪ್ಲಾನ್ ಕೂಡ ಇತ್ತು. ಅಂದರೆ ತುಂಬಿದಾಗ ನೀರೇ ಒಂದು ಟನ್! ಹೊಸ ಬಾತ್‌ರೂಮ್‌ಗೆ ಅಂತ ಅದೇ ತಾರಸಿಯ ಮೇಲೆ ಒಂಬತ್ತು ಇಂಚಿನ ಗೋಡೆ ಎಬ್ಬಿಸುವವರಿದ್ದರು. ಹತ್ತು ಅಡಿ ಎತ್ತರದ ಅಂಥ ಇಟ್ಟಿಗೆ ಗೋಡೆ ಒಂದೊಂದು ಅಡಿ ಉದ್ದಕ್ಕೂ ಸುಮಾರು 400 ಕೆಜಿ ತೂಗುತ್ತದೆ. ಕೆಳಗೆ ಏನಿದೆ ಅಂತ ಕೇಳಿದವರೇ ಇಲ್ಲ.

ಕಾಂಟ್ರ್ಯಾಕ್ಟರ್ ಈಗ ಫೋನ್ ಎತ್ತುವುದಿಲ್ಲ. ಒಪ್ಪಂದದಲ್ಲಿ "ಒಳಾಂಗಣ ಬದಲಾವಣೆ" ಅಂತಷ್ಟೇ ಇದೆ, ಅದನ್ನು ಹಿಡಿದು ಜಗ್ಗಲು ಆಗುತ್ತಿಲ್ಲ. ನೀವು ಬರೆಸುವಾಗ ಯಾವ ಗೋಡೆ, ಯಾವ ಬೀಮ್, ಯಾರ ಡ್ರಾಯಿಂಗ್, ಪ್ರಾಪ್ ಯಾರು ನಿಲ್ಲಿಸುತ್ತಾರೆ, ಯಾರು ಹೇಳಿದ ಮೇಲೆ ತೆಗೆಯುತ್ತಾರೆ ಅನ್ನುವುದನ್ನು ಬಿಡಿಬಿಡಿಯಾಗಿ ಬರೆಸಿ. ಎಂಜಿನಿಯರ್‌ಗೆ ದುಡ್ಡು ನೀವೇ ಕೊಡಿ, ಕಾಂಟ್ರ್ಯಾಕ್ಟರ್ ಮೂಲಕ ಬೇಡ. ಬೀಮ್‌ನ ಎರಡೂ ತುದಿ ಗೋಡೆಯ ಮೇಲೆ ಎಷ್ಟು ಕೂತಿದೆ ಅನ್ನುವುದು ಕಾಣುವ ಹಾಗೆ ಫೋಟೋ ತೆಗೆದ ಮೇಲೆಯೇ ಪ್ಲಾಸ್ಟರ್‌ಗೆ ಒಪ್ಪಿ, ಆ ಕಂತಿನ ಹಣವನ್ನೂ ಆಗಲೇ ಕೊಡಿ.