ಅರ್ಧ ಊಟಕ್ಕೇ ಎಲೆ ಎತ್ತಿದ ಅನಿಮೆ: ಬರ್ಸರ್ಕ್ (1997)

ಬರ್ಸರ್ಕ್ ಅನ್ನುವ ಹಳೆಯ ಜಪಾನಿ ಅನಿಮೇಷನ್ (ಅನಿಮೆ) ಸರಣಿಯನ್ನು ನಾನು ಹೆಚ್ಚೂಕಡಿಮೆ ಪ್ರತಿ ಮಳೆಗಾಲದಲ್ಲೂ ಮತ್ತೆ ನೋಡುತ್ತೇನೆ. ಪ್ರತಿ ಸಲವೂ ಕೊನೆಗೆ ಸಿಟ್ಟು ಬರುತ್ತದೆ. ಕಥೆ ಹೇಳುತ್ತಾ ಕೂರುವುದಿಲ್ಲ, ಅದು ಎಲ್ಲ ಕಡೆ ಸಿಗುತ್ತದೆ. ಕೂಲಿಗೆ ಕತ್ತಿ ಹಿಡಿಯುವ ಗಟ್ಸ್, ಸ್ವಂತ ರಾಜ್ಯದ ಕನಸು ಕಾಣುವ ಗ್ರಿಫಿತ್, ಇಬ್ಬರ ನಡುವೆ ಕಾಸ್ಕಾ. ಇಷ್ಟು ಸಾಕು. ಕೊನೆಯ ಕಂತಿನ ವಿಷಯವೂ ಮುಂದೆ ಬರುತ್ತದೆ, ನೋಡದವರು ಹುಷಾರು.

ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿದ ಮೇಲೆ ಒಂದೇ ಒಂದು ಕಂತು. ಇದು ನನ್ನ ಪದ್ಧತಿ. ಇಯರ್‌ಫೋನ್ ಕಡ್ಡಾಯ. ಜಪಾನಿ ದನಿ, ಇಂಗ್ಲಿಷ್ ಸಬ್‌ಟೈಟಲ್. ಓದುತ್ತಾ ನೋಡಬೇಕಲ್ಲ, ಹಾಗಾಗಿ ಜತೆಗೆ ಬಟ್ಟೆ ಮಡಚೋಕೆ ಆಗಲ್ಲ. ಒಳ್ಳೆಯದೇ ಆಯಿತು. ಶುರುವಿನ ಹಾಡು ಇಂಗ್ಲಿಷಿನ ರಾಕ್ ಹಾಡು, ಕತ್ತಿ ರಕ್ತದ ಈ ಕಥೆಗೂ ಅದಕ್ಕೂ ಏನು ಸಂಬಂಧವೋ! ಮೊದಮೊದಲು ಓಡಿಸಿಬಿಡುತ್ತಿದ್ದೆ. ಈಗ ಅದನ್ನು ಕೇಳದಿದ್ದರೆ ಕಂತು ಶುರುವಾದ ಹಾಗೇ ಇರಲ್ಲ. ಮುಗಿದ ಮೇಲೂ ಆರಿಸುವುದಿಲ್ಲ. ಮುಂದಿನ ಕಂತಿನ ತುಣುಕು ತೋರಿಸುವಾಗ ಸುಸುಮು ಹಿರಾಸಾವಾ ಅವರ ಸಂಗೀತ ಬರುತ್ತದೆ. ಅದಾದ ಮೇಲೇ ನಿದ್ದೆ.

ಇದನ್ನು ಮಾಡುವಾಗ ದುಡ್ಡು ಜಾಸ್ತಿ ಇರಲಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ದೊಡ್ಡ ಯುದ್ಧದಲ್ಲಿ ಕುದುರೆಗಳು ಓಡುವುದೇ ಅಪರೂಪ. ಬರೆದ ಚಿತ್ರ ಒಂದು ಅಲ್ಲಾಡದೆ ನಿಂತಿರುತ್ತದೆ, ಕ್ಯಾಮೆರಾ ಅದರ ಮೇಲೆ ಸರಿಯುತ್ತದೆ, ಶಬ್ದ ಮಾತ್ರ ಯುದ್ಧದ್ದು. ಈಗಿನ ಅನಿಮೆ ನೋಡಿ ರೂಢಿಯಾದವರಿಗೆ ಬೇಜಾರಾಗಬಹುದು. ನನಗೆ ಇದೇ ಹಿಡಿಸಿತು. 2016ರಲ್ಲಿ ಬಂದ ಕಂಪ್ಯೂಟರ್ ಗ್ರಾಫಿಕ್ಸ್ ಸರಣಿಯಲ್ಲಿ ಎಲ್ಲವೂ ಓಡಾಡುತ್ತದೆ, ಆದರೆ ಗಟ್ಸ್ ಕೈಯ ಕತ್ತಿಗೆ ಭಾರವೇ ಇಲ್ಲ. ಇಲ್ಲಿ ಅಲ್ಲಾಡದ ಕತ್ತಿಗೂ ಭಾರ ಇದೆ.

ಇನ್ನೊಂದು ವಿಷಯ. ಡಾರ್ಕ್ ಫ್ಯಾಂಟಸಿ ಅಂತ ಹೆಸರೇ ಹೊರತು ಬಹುಪಾಲು ಕಂತುಗಳಲ್ಲಿ ದೆವ್ವ ಭೂತ ಕಡಿಮೆ. ಮುತ್ತಿಗೆ, ಅರಮನೆಯ ಒಳಜಗಳ, ಸೈನಿಕರ ಹರಟೆ. ನೂರು ಜನರ ಜತೆ ಒಬ್ಬನೇ ಹೊಡೆದಾಡಿದ ಮೇಲೆ ಗಟ್ಸ್ ಮತ್ತು ಕಾಸ್ಕಾ ಗುಡ್ಡದ ಮೇಲೆ ನಿಂತು ಕೆಳಗೆ ಬಿಡಾರದ ಬೆಂಕಿಗಳನ್ನು ನೋಡುವ ದೃಶ್ಯ ಇದೆ. ಒಂದೊಂದು ಬೆಂಕಿಯೂ ಒಬ್ಬೊಬ್ಬರ ಕನಸು, ತನ್ನದು ಅಂತ ಅಲ್ಲಿ ಒಂದೂ ಇಲ್ಲ ಅನ್ನುತ್ತಾನೆ ಅವನು. ಹೊಡೆದಾಟ ಇಲ್ಲ, ಬರೀ ಮಾತು. ಅದೊಂದು ದೃಶ್ಯವನ್ನು ಹಿಂದಕ್ಕೆ ಹಾಕಿ ಹಾಕಿ ನೋಡುತ್ತೇನೆ.

ಈಗ ಸಿಟ್ಟಿನ ವಿಷಯಕ್ಕೆ ಬರೋಣ. ಮೊದಲ ಕಂತಿನಲ್ಲೇ ಕಬ್ಬಿಣದ ಕೈಯ, ಒಂಟಿಗಣ್ಣಿನ ಗಟ್ಸ್‌ನನ್ನು ತೋರಿಸುತ್ತಾರೆ. ಎರಡನೆಯದರಿಂದ ಕಥೆ ಹಿಂದಕ್ಕೆ ಹೋಗುತ್ತದೆ. ಅವನು ಹೀಗಾಗಿದ್ದು ಹೇಗೆ ಅಂತ ಕಾಯುತ್ತಾ ಕೂರುತ್ತೇವೆ. 25ನೇ ಕಂತಿನಲ್ಲಿ, ಗ್ರಿಫಿತ್ ತನ್ನ ಸೈನ್ಯವನ್ನೇ ರಾಕ್ಷಸರಿಗೆ ಬಲಿ ಕೊಡುವ ಗ್ರಹಣದ ನಟ್ಟನಡುವೆ ಎಲ್ಲ ನಿಂತುಬಿಡುತ್ತದೆ! ಆ ನರಕದಿಂದ ಅವನು ಹೊರಬಂದಿದ್ದು ಹೇಗೆ? ಉತ್ತರ ಇಲ್ಲ. ಕೆಂಟಾರೊ ಮಿಯುರಾ ಅವರ ಮೂಲ ಮಂಗಾದಲ್ಲಿ (ಜಪಾನಿ ಕಾಮಿಕ್ಸ್) ಗಟ್ಸ್ ಮತ್ತು ಕಾಸ್ಕಾಳನ್ನು ಉಳಿಸುವವನು ಸ್ಕಲ್ ನೈಟ್ ಅನ್ನುವ ತಲೆಬುರುಡೆ ಮುಖದ ಯೋಧ. ಈ ಸರಣಿಯವರು ಆ ಪಾತ್ರವನ್ನೇ ತೆಗೆದುಹಾಕಿದ್ದಾರೆ. ಉಳಿಸುವವನೇ ಇಲ್ಲ ಅಂದಮೇಲೆ ಉಳಿದದ್ದನ್ನು ತೋರಿಸುವುದು ಎಲ್ಲಿಂದ?

ಅದಕ್ಕಿಂತ ಕಷ್ಟ ಕಾಸ್ಕಾಳ ಗತಿ. ಇಡೀ ಸರಣಿಯಲ್ಲಿ ಸೈನ್ಯ ನಡೆಸಿದ ಹೆಂಗಸು ಅವಳು. ಕೊನೆಗೆ ಗಟ್ಸ್‌ಗೆ ನೋವು ಕೊಡೋಕೆ ಅವಳ ಮೇಲೆ ಅತ್ಯಾಚಾರ ಮಾಡಿಸುತ್ತಾರೆ, ಅದನ್ನೇ ತೋರಿಸಿ ಪರದೆ ಎಳೆಯುತ್ತಾರೆ. ಅವಳಿಗೆ ಏನಾಯಿತು ಅಂತ ಕೇಳುವವರಿಲ್ಲ. ವಯಸ್ಸಾದಂತೆ ಈ ಭಾಗ ನೋಡೋದು ನನಗೆ ಇನ್ನೂ ಕಷ್ಟವಾಗುತ್ತಿದೆ. ಹದಿನೆಂಟರ ಒಳಗಿನವರಿಗೆ ಬೇಡವೇ ಬೇಡ, ಕಾರ್ಟೂನು ತಾನೇ ಅಂತ ಮಕ್ಕಳ ಕೈಗೆ ಕೊಡಬೇಡಿ.

ಮುಂದೇನಾಯಿತು ಅಂತ ತಿಳಿಯಲೇಬೇಕಿದ್ದರೆ ಎರಡು ದಾರಿ. 2012 ಮತ್ತು 2013ರಲ್ಲಿ ಇದೇ ಕಥೆಯ ಮೂರು ಸಿನಿಮಾ ಬಂದವು, ಮೂರನೆಯದರಲ್ಲಿ ಗ್ರಹಣದಿಂದ ಪಾರಾಗುವ ಭಾಗ ಇದೆ. ಆದರೆ ಬೆಂಕಿಗಳ ದೃಶ್ಯವನ್ನೇ ಅವರು ಬಿಟ್ಟಿದ್ದರು, ಆಮೇಲೆ 2022ರ ಆವೃತ್ತಿಯಲ್ಲಿ ಸೇರಿಸಿದರು. ಇನ್ನೊಂದು ದಾರಿ ಮಂಗಾ. ಮಿಯುರಾ 2021ರಲ್ಲಿ ತೀರಿಕೊಂಡರು, ಈಗ ಅವರ ಗೆಳೆಯ ಕೋಜಿ ಮೋರಿ ಮೇಲ್ವಿಚಾರಣೆಯಲ್ಲಿ ಮಿಯುರಾ ಅವರ ಸ್ಟುಡಿಯೋದವರು ಮುಂದುವರಿಸುತ್ತಿದ್ದಾರೆ. ಮೂರು ಸಂಪುಟ ಸೇರಿಸಿ ಹೊಲಿದ ದಪ್ಪ ಇಂಗ್ಲಿಷ್ ಪುಸ್ತಕಗಳು ಸಿಗುತ್ತವೆ. ಎಲ್ಲ ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ. ಬೇಕಾದ ಭಾಗ 13ನೇ ಸಂಪುಟದಲ್ಲಿದೆ, ಹಾಗಾಗಿ ನೇರವಾಗಿ ಐದನೇ ಪುಸ್ತಕ ಒಂದನ್ನೇ ತರಿಸಿಕೊಂಡೆ. ಮೊದಲಿನದು ಬೇಡವಾ ಮೇಡಂ ಅಂತ ಅಂಗಡಿಯವರು ಎರಡೆರಡು ಸಲ ಕೇಳಿದರು.

ಐದಕ್ಕೆ ನಾಲ್ಕು. ಕೊನೆಯ ಕಂತೊಂದಕ್ಕೇ ಒಂದು ಕಳೆದಿದ್ದೇನೆ. ಸಂಗೀತ ಇಲ್ಲದಿದ್ದರೆ ಇನ್ನೂ ಅರ್ಧ ಕಳೆಯುತ್ತಿದ್ದೆ.