ಹ್ಯೂಸ್ಟನ್ ಸೆಕೆಯಲ್ಲಿ ಮನೆಯ ಬಿಯರ್: ಇಂಕ್‌ಬರ್ಡ್ ಐಟಿಸಿ-308 ನಿಯಂತ್ರಕವನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ಮುಗಿಯುವವರೆಗೆ ಮನೆಯಲ್ಲಿ ಬಿಯರ್ ತಯಾರಿಸುವವರ ದೊಡ್ಡ ಚಿಂತೆ ಮಾಲ್ಟಿನದೂ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಅಲ್ಲ, ಹಾಪ್ಸಿನದೂ (ಕಹಿ ಕೊಡುವ ಹೂ) ಅಲ್ಲ, ಉಷ್ಣತೆಯದು. ಏಲ್ ಎಂಬ ಬಗೆಯ ಬಿಯರನ್ನು ಹುದುಗಿಸುವ ಸಾಮಾನ್ಯ ಯೀಸ್ಟಿಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. ಇಲ್ಲಿ ಎ.ಸಿ. ಇರುವ ಕೋಣೆಯೇ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಗ್ಯಾರೇಜಿನ ಮಾತಂತೂ ಬೇಡ. ಸಾಲದ್ದಕ್ಕೆ ಯೀಸ್ಟು ಸಕ್ಕರೆಯನ್ನು ಒಡೆಯುವಾಗ ತಾನೂ ಶಾಖವನ್ನು ಬಿಡುವುದರಿಂದ, ಹುದುಗು ಜೋರಾಗಿರುವ ಮೊದಲ ಎರಡು ಮೂರು ದಿನ ಪಾತ್ರೆಯೊಳಗಿನ ದ್ರವವು ಸುತ್ತಲಿನ ಗಾಳಿಗಿಂತ ಮೂರರಿಂದ ಐದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಬಲ್ಲದು. ಆ ಬಿಸಿಯಲ್ಲಿ ಬಾಳೆಹಣ್ಣಿನ ವಾಸನೆಯ ಎಸ್ಟರುಗಳೂ ಗಂಟಲನ್ನು ಸುಡುವ ಫ್ಯೂಸೆಲ್ ಆಲ್ಕೋಹಾಲುಗಳೂ ಹೆಚ್ಚುತ್ತವೆ. ಬಾಳೆಯ ಪರಿಮಳ ಜರ್ಮನ್ ಶೈಲಿಯ ಗೋಧಿ ಬಿಯರಿಗೆ ಒಪ್ಪೀತು. ಫ್ಯೂಸೆಲ್ ಮಾತ್ರ ಯಾವುದಕ್ಕೂ ಒಪ್ಪದು, ಒಮ್ಮೆ ಸೇರಿದರೆ ಮನೆಯ ಸಲಕರಣೆಗಳಿಂದ ಅದನ್ನು ತೆಗೆಯಲೂ ಆಗದು.

ಇದಕ್ಕೆ ಹೆಚ್ಚಿನವರು ಮೊದಲು ಹೇಳುವ ಉಪಾಯವೆಂದರೆ ಪಾತ್ರೆಯನ್ನು ನೀರಿನ ಟಬ್ಬಿನಲ್ಲಿ ಇಟ್ಟು, ಮೇಲೆ ಒದ್ದೆ ಬಟ್ಟೆ ಸುತ್ತಿ, ಎದುರಿಗೆ ಫ್ಯಾನ್ ಹಾಕುವುದು. ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ನಮ್ಮ ಮಣ್ಣಿನ ಮಡಕೆಯ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಆದರೆ ರಾಯಚೂರಿನ ಒಣ ಬಿಸಿಲಿನಲ್ಲಿ ಚೆನ್ನಾಗಿ ತಣಿಯುವ ಮಡಕೆ ಮಂಗಳೂರಿನ ಮೇ ತಿಂಗಳಲ್ಲಿ ಅಷ್ಟಾಗಿ ತಣಿಯುವುದಿಲ್ಲ. ಅರಿಜೋನಾದ ಫೀನಿಕ್ಸ್‌ನಲ್ಲಿರುವವರಿಗೆ ಒದ್ದೆ ಬಟ್ಟೆಯ ಉಪಾಯ ಸಾಕಾಗಬಹುದು, ಮೆಕ್ಸಿಕೋ ಕೊಲ್ಲಿಯ ತೇವವೆಲ್ಲ ಬಂದು ತುಂಬುವ ಹ್ಯೂಸ್ಟನ್ನಿಗೆ ಅದು ಸಾಲದು. ನೀರಿಗೆ ಐಸ್ ಬಾಟಲಿಗಳನ್ನು ಹಾಕಿದರೆ ಉಷ್ಣತೆ ಇಳಿಯುವುದೇನೋ ನಿಜ. ಬೆಳಿಗ್ಗೆ ಸಂಜೆ ಬದಲಿಸುತ್ತಿರಬೇಕು, ಅಷ್ಟು ಮಾಡಿದರೂ ಏರಿಳಿತ ತಪ್ಪದು.

ಆದ್ದರಿಂದ ನಾನು ನೆಚ್ಚಿಕೊಂಡಿರುವುದು ಮೇಲ್ಗಡೆ ಮುಚ್ಚಳ ತೆರೆಯುವ ಸಣ್ಣದೊಂದು ಚೆಸ್ಟ್ ಫ್ರೀಜರ್ ಮತ್ತು ಉಷ್ಣತೆಯನ್ನು ನೋಡಿ ಅದನ್ನು ತಾನಾಗಿ ಚಾಲೂ-ಬಂದ್ ಮಾಡುತ್ತ ಹಿಡಿತದಲ್ಲಿಡುವ ನಿಯಂತ್ರಕ, ಇಂಕ್‌ಬರ್ಡ್ ಐಟಿಸಿ-308. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಈ ಪೆಟ್ಟಿಗೆಯಿಂದ ಎರಡು ಸಾಕೆಟ್ಟುಗಳೂ ಉದ್ದನೆಯ ತಂತಿಯ ತುದಿಯಲ್ಲಿ ಉಷ್ಣತೆ ಅಳೆಯುವ ಒಂದು ಪ್ರೋಬ್ ಕೂಡ ಹೊರಡುತ್ತವೆ. ತಂಪಿನ ಸಾಕೆಟ್ಟಿಗೆ ಫ್ರೀಜರನ್ನೂ ಶಾಖದ ಸಾಕೆಟ್ಟಿಗೆ ಪಾತ್ರೆಗೆ ಸುತ್ತುವ ಹೀಟಿಂಗ್ ಬೆಲ್ಟನ್ನೂ ಜೋಡಿಸಿದರೆ ಜನವರಿಯ ಚಳಿಗೂ ಇದೇ ಸಾಕು. ಪರದೆಯ ಮೇಲೆ ಈಗಿನ ಉಷ್ಣತೆ ಮತ್ತು ಬೇಕಾದ ಉಷ್ಣತೆ ಎರಡೂ ಒಟ್ಟಿಗೇ ಕಾಣುವುದರಿಂದ, ದಾಟಿ ಹೋಗುವಾಗ ಕಣ್ಣು ಹಾಯಿಸಿದರೂ ಸ್ಥಿತಿ ತಿಳಿಯುತ್ತದೆ. ಕಂಪ್ರೆಸರ್ ಆಗಾಗ ಚಾಲೂ ಆಗಿ ಬೇಗ ಸವೆಯದಂತೆ ನಡುವೆ ಬಿಡುವು ಕೊಡುವ ಸೌಲಭ್ಯವಿದ್ದು, ಅದನ್ನು 10 ನಿಮಿಷದವರೆಗೂ ಹೆಚ್ಚಿಸಬಹುದು. ನಾನು ಪೂರ್ತಿ 10ಕ್ಕೇ ಇಟ್ಟಿದ್ದೇನೆ. 110 ವೋಲ್ಟಿನ ಮಾದರಿ ತಾಳುವುದು 1100 ವಾಟ್, ಸಣ್ಣ ಫ್ರೀಜರಿಗೆ ಅದು ಧಾರಾಳ.

ಈ ಉಪಕರಣದ ಬೆಲೆ ಸಾರ್ಥಕವಾಗುವುದು ಪ್ರೋಬನ್ನು ಎಲ್ಲಿಡುತ್ತೇವೆ ಎಂಬುದರ ಮೇಲೆ. ಗಾಳಿಯಲ್ಲಿ ತೂಗಬಿಟ್ಟರೆ ಅದು ಅಳೆಯುವುದು ಫ್ರೀಜರಿನ ಗಾಳಿಯನ್ನು, ಬಿಯರನ್ನಲ್ಲ. ಪರದೆ 19 ಎಂದು ತೋರಿಸುತ್ತಿದ್ದರೂ ಒಳಗೆ ಯೀಸ್ಟು 23ರಲ್ಲಿ ಕೆಲಸ ಮಾಡುತ್ತಿರಬಹುದು. ನಾನು ಪಾತ್ರೆಯ ಹೊರಮೈಗೆ, ದ್ರವದ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಪ್ರೋಬನ್ನು ಒತ್ತಿ ಹಿಡಿದು, ಮೇಲೆ ದಪ್ಪ ಫೋಮ್ ತುಂಡನ್ನು ಮುಚ್ಚಿ, ಅಗಲವಾದ ಟೇಪಿನಿಂದ ಬಿಗಿಯುತ್ತೇನೆ. ಫೋಮ್ ಗಾಳಿಯ ತಂಪನ್ನು ತಡೆಯುವುದರಿಂದ ಪ್ರೋಬಿಗೆ ತಟ್ಟುವುದು ಹೆಚ್ಚಾಗಿ ಪಾತ್ರೆಯೊಳಗಿನ ಶಾಖ. 19 ಲೀಟರ್ ದ್ರವ ನಿಧಾನವಾಗಿ ತಣಿಯುವುದರಿಂದ ನಿಯಂತ್ರಕ ಚಾಲೂ ಆಗುವ ಮುನ್ನ ಬಿಡುವ ಉಷ್ಣತೆಯ ಅಂತರವನ್ನು ಅರ್ಧ ಡಿಗ್ರಿಗಿಂತ ಬಿಗಿಗೊಳಿಸುವ ಅಗತ್ಯ ನನಗೆ ಕಂಡಿಲ್ಲ. ಹುದುಗು ಏರುವ ದಿನಗಳಲ್ಲಿ 18ಕ್ಕೆ ಹಿಡಿದು, ಗುಳ್ಳೆಗಳು ಕಡಿಮೆಯಾದ ಮೇಲೆ 20–21ಕ್ಕೆ ಬಿಡುವುದು ನನ್ನ ಕ್ರಮ. ಯೀಸ್ಟು ಬೆಣ್ಣೆಯ ವಾಸನೆಯ ಡೈಅಸಿಟೈಲನ್ನು ಮರಳಿ ಹೀರಿಕೊಳ್ಳಲು ಆ ಕೊನೆಯ ಬಿಸಿ ಬೇಕು. ಈ ಕ್ರಮಕ್ಕೆ ಬಂದ ಮೇಲೆ ಜುಲೈನ ಪೇಲ್ ಏಲ್ ಮತ್ತು ಡಿಸೆಂಬರಿನ ಪೇಲ್ ಏಲ್ ನಡುವೆ ರುಚಿಯಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟವಾಗಿದೆ.

ಯಾವ ಕಂಪನಿಯ ಚೆಸ್ಟ್ ಫ್ರೀಜರ್ ಆದರೂ ಒಳಗೆ ತೇವ ಕಟ್ಟಿಕೊಳ್ಳುತ್ತದೆ, ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಯೊಂದನ್ನು ಮೂಲೆಯಲ್ಲಿ ಇಟ್ಟು, ಪ್ರತಿ ಬ್ಯಾಚಿನ ನಂತರ ಗೋಡೆಗಳನ್ನು ಒರೆಸಬೇಕು. ಹುದುಗಿನ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಪೆಟ್ಟಿಗೆಯ ತಳದಲ್ಲೇ ನಿಲ್ಲುತ್ತದೆ. ಮುಚ್ಚಳ ತೆಗೆದ ಕೂಡಲೇ ತಲೆಯನ್ನು ಒಳಗೆ ಬಗ್ಗಿಸಬಾರದು. ಬಾಟಲಿ ತುಂಬುವ ಮೊದಲು 2 ಡಿಗ್ರಿಗೆ ಇಳಿಸುವುದಾದರೆ ಪಾತ್ರೆಯೊಳಗಿನ ಅನಿಲ ಕುಗ್ಗಿ ಏರ್‌ಲಾಕಿನ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಸಣ್ಣ ನಳಿಗೆ) ದ್ರವವನ್ನು ಬಿಯರಿಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಏರ್‌ಲಾಕನ್ನು ಮೊದಲೇ ತೆಗೆದು ಪಾತ್ರೆಯ ಬಾಯಿಯನ್ನು ಮುಚ್ಚಿಬಿಡುವುದು ಒಳ್ಳೆಯದು.

ಅಮೆರಿಕದಲ್ಲಿ 1978ರ ಕಾನೂನಿನಿಂದಾಗಿ ಮನೆಬಳಕೆಯ ಬಿಯರಿಗೆ ಫೆಡರಲ್ ತೆರಿಗೆಯಿಲ್ಲ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಅವಕಾಶವಿದೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲವಾದ್ದರಿಂದ ಊರಿನ ಗೆಳೆಯರಿಗೆ ನಾನು ಇದನ್ನು ಶಿಫಾರಸು ಮಾಡುತ್ತಿಲ್ಲ. ಇಲ್ಲಿಯೇ ಅಪಾರ್ಟ್‌ಮೆಂಟಿನಲ್ಲಿದ್ದು ಫ್ರೀಜರಿಗೆ ಜಾಗವಿಲ್ಲದವರು ನಾರ್ವೆಯ ಹಳ್ಳಿಮನೆಗಳಿಂದ ಬಂದ ಕ್ವೈಕ್ ಯೀಸ್ಟನ್ನು ನೋಡಬಹುದು. ಅದರ ವೊಸ್ ತಳಿಗೆ 35 ಡಿಗ್ರಿಯ ಮೇಲಿನ ಬಿಸಿಯೇ ಇಷ್ಟ, ಕಿತ್ತಳೆಯ ಪರಿಮಳವನ್ನೂ ಕೊಡುತ್ತದೆ. ತಂಪಿನಲ್ಲಿ ಹುದುಗಿಸುವ, ಶುಚಿಯಾದ ರುಚಿಯ ಲಾಗರ್ ಬಿಯರ್ ಬೇಕೆನ್ನುವವರಿಗೆ ಮಾತ್ರ ಫ್ರೀಜರೂ ಈ ನಿಯಂತ್ರಕವೂ ಬೇಕೇ ಬೇಕು.